ಒಂದು ಸಿಲಿಂಡರಿನಲ್ಲಿ ಕಂಪ್ರೆಶನ್ ಇಲ್ಲವೇ? ಹೆಡ್ ಬಿಚ್ಚುವ ಮೊದಲು ಗಾಳಿ ಎಲ್ಲಿ ಹೋಗುತ್ತಿದೆ ನೋಡಿ

"ಕಂಪ್ರೆಶನ್ ಇಲ್ಲ, ಎಂಜಿನ್ ಬಿಚ್ಚಬೇಕು." ಗ್ಯಾರೇಜುಗಳಲ್ಲಿ ಈ ಮಾತು ಬಹಳ ಸಲೀಸಾಗಿ ಬರುತ್ತದೆ. ಪಿಸ್ಟನ್ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವುದೇ ಕಂಪ್ರೆಶನ್. ಆ ಒತ್ತಡ ಅಳೆಯುವ ಗೇಜ್ ಹಾಕಿದರು, ಒಂದು ಸಿಲಿಂಡರಿನಲ್ಲಿ ಮುಳ್ಳು ಮೇಲೇರಲಿಲ್ಲ, ತೀರ್ಪು ಆಗಿಹೋಯಿತು. ನಾನು ಇದೇ ಕೆಲಸ ಮಾಡಿಕೊಂಡು ಬಂದವನು. ಎಂಜಿನ್ ಬಿಚ್ಚುವುದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಗೇಜ್ ಹೇಳುವುದು ಇಷ್ಟೇ: ಈ ಸಿಲಿಂಡರಿನಲ್ಲಿ ಗಾಳಿ ನಿಲ್ಲುತ್ತಿಲ್ಲ, ಇಲ್ಲವೇ ಒಳಗೆ ಬರುತ್ತಲೇ ಇಲ್ಲ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಹುಡುಕಬೇಕು.

ಗಾಳಿ ತಪ್ಪಿಸಿಕೊಳ್ಳಲು ದಾರಿಗಳು ಕೆಲವೇ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಪಿಸ್ಟನ್ ಪಕ್ಕದಿಂದ ಕೆಳಗೆ ಆಯಿಲ್ ಕಡೆಗೆ ಹೋಗುತ್ತದೆ. ಪಿಸ್ಟನ್ನೇ ತೂತಾಗಿದ್ದರೂ ಅಲ್ಲಿಗೇ ಹೋಗುತ್ತದೆ. ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರದಿದ್ದರೆ ಏರ್ ಫಿಲ್ಟರ್ ಕಡೆಗೆ, ಎಕ್ಸಾಸ್ಟ್ ವಾಲ್ವ್ ಕೂರದಿದ್ದರೆ ಸೈಲೆನ್ಸರ್ ಕಡೆಗೆ. ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್‌ನ ಕೆಳಗಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದ್ದರೆ ಪಕ್ಕದ ಸಿಲಿಂಡರಿಗೋ ಕೂಲೆಂಟ್‌ಗೋ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ದಾರಿಗಳಲ್ಲಿ ಯಾವುದು ಅಂತ ಹಿಡಿಯುವುದಕ್ಕೇ.

ಗೇಜ್ ಹಾಕುವ ಮೊದಲು

ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ಅದುರುವುದು) ಇದೆ ಅಂದ ಕೂಡಲೇ ಗೇಜ್ ಹೊರಗೆ ತೆಗೆಯಬೇಡಿ. ಸ್ಕ್ಯಾನರ್‌ನಲ್ಲಿ ಪಿ0303 ಅಂತ ಬಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅರ್ಥ. ಕಿಡಿ, ಪೆಟ್ರೋಲ್, ಕಂಪ್ರೆಶನ್, ಮೂರರಲ್ಲಿ ಯಾವುದು ಕೈಕೊಟ್ಟರೂ ಅದೇ ಕೋಡ್ ಬರುತ್ತದೆ. ಮೂರನೆಯದರ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು) ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಮೂರಕ್ಕೆ ಹಾಕಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302 ಬಂತಾ? ಕಾಯಿಲ್ ಹೋಗಿದೆ, ಕಥೆ ಮುಗಿಯಿತು. ಮತ್ತೆ ಪಿ0303 ಬಂದರೆ ಪ್ಲಗ್‌ಗಳನ್ನೂ ಹಾಗೇ ಅದಲುಬದಲು ಮಾಡಿ. ಇಂಜೆಕ್ಟರ್ ತೆಗೆಯುವುದು ಸುಲಭವಿರುವ ಎಂಜಿನ್ ಆದರೆ ಅದನ್ನೂ ಮಾಡಬಹುದು. ಏನೇ ಬದಲಿಸಿದರೂ ಕೋಡ್ ಮೂರನ್ನೇ ಹಿಡಿದು ಕೂತರೆ ಆಗ ಕಂಪ್ರೆಶನ್ ಮೇಲೆ ಅನುಮಾನ ಪಡಿ.

ಆಮೇಲೆ ಸೆಲ್ಫ್ ಸದ್ದು ಕೇಳಿ. ಇದಕ್ಕೆ ಯಾವ ಸಾಮಾನೂ ಬೇಡ. ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಪ್ಲಗ್‌ಗಳು ಇದ್ದ ಹಾಗೇ ಇರಲಿ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಒಳ್ಳೆಯ ಎಂಜಿನ್ ಒಂದೇ ಲಯದಲ್ಲಿ ತಿರುಗುತ್ತದೆ. ಪ್ರತಿ ಪಿಸ್ಟನ್ ಮೇಲೆ ಬಂದಾಗಲೂ ಸೆಲ್ಫ್ ಮೋಟರಿಗೆ ಅಷ್ಟೇ ಭಾರ ಬೀಳುತ್ತದೆ. ಒಂದು ಸಿಲಿಂಡರ್ ಖಾಲಿಯಿದ್ದರೆ ಆ ಸರದಿ ಬಂದಾಗ ಮೋಟರ್ ಸುಯ್ಯೆಂದು ಜಾರಿಬಿಡುತ್ತದೆ. ಗರ್, ಗರ್, ಗರ್, ಸುಯ್. ಗರ್, ಗರ್, ಗರ್, ಸುಯ್. ಒಮ್ಮೆ ಕೇಳಿದರೆ ಕಿವಿ ಮರೆಯುವುದಿಲ್ಲ. ಎಲ್ಲ ಕಡೆಯೂ ಬರೀ ಸುಯ್ ಅಂತ ವೇಗವಾಗಿ ತಿರುಗಿದರೆ ತಕ್ಷಣ ನಿಲ್ಲಿಸಿ. ಪಿಸ್ಟನ್ ಮತ್ತು ವಾಲ್ವ್‌ಗಳ ಲಯ ಕೂಡಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು, ಚೈನ್ ಹಾರಿರಬಹುದು. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ. ಇನ್ನೂ ಸೆಲ್ಫ್ ಹೊಡೆಯುತ್ತಾ ಹೋದರೆ ಬಗ್ಗದ ವಾಲ್ವೂ ಬಗ್ಗುತ್ತದೆ.

ಇದೇ ಸದ್ದನ್ನು ಕಣ್ಣಿಗೆ ಕಾಣುವಂತೆಯೂ ಮಾಡಬಹುದು. ಬ್ಯಾಟರಿ ಕೇಬಲ್‌ಗೆ ಕರೆಂಟ್ ಕ್ಲ್ಯಾಂಪ್ ಹಾಕಿ ಆಸಿಲೋಸ್ಕೋಪ್‌ಗೆ ಕೊಟ್ಟರೆ ಪ್ರತಿ ಕಂಪ್ರೆಶನ್‌ಗೆ ಒಂದೊಂದು ಉಬ್ಬು ಬರುತ್ತದೆ. ಸೋರುವ ಸಿಲಿಂಡರಿನ ಉಬ್ಬು ಗಿಡ್ಡ. ಪ್ಲಗ್ ತೆಗೆಯುವುದೇ ದೊಡ್ಡ ಕೆಲಸವಾಗಿರುವ ಎಂಜಿನ್‌ಗಳಲ್ಲಿ ಇದು ಬಹಳ ಉಪಯೋಗ.

ತಯಾರಿ ಸರಿ ಇಲ್ಲದಿದ್ದರೆ ಅಂಕಿಯೂ ಸರಿ ಇರುವುದಿಲ್ಲ

ಬ್ಯಾಟರಿಯಿಂದ ಶುರು ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸಾಧ್ಯವಿದ್ದರೆ ಟೆಸ್ಟ್ ಮುಗಿಯುವವರೆಗೂ ಚಾರ್ಜರ್ ಹಾಕಿಡಿ. ಮೊದಲನೇ ಸಿಲಿಂಡರಿಗೆ ಸೆಲ್ಫ್ ಜೋರಾಗಿ ತಿರುಗಿ, ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಸೋತುಹೋದರೆ ನಾಲ್ಕನೆಯದು ಕೆಟ್ಟಿದೆ ಅಂತ ಸುಳ್ಳು ಲೆಕ್ಕ ಸಿಗುತ್ತದೆ.

ಎಂಜಿನ್ ಬಿಸಿ ಇರಬೇಕು ಅಂತ ಪುಸ್ತಕಗಳು ಹೇಳುತ್ತವೆ. ಸರಿಯೇ. ಬಿಸಿಯಾದಾಗ ರಿಂಗ್, ವಾಲ್ವ್ ಎಲ್ಲ ನಿಜವಾದ ಅಳತೆಗೆ ಬರುತ್ತವೆ. ಆದರೆ ಅಲ್ಯುಮಿನಿಯಂ ಹೆಡ್ ಕಾದಿರುವಾಗ ಬಿಗಿಯಾಗಿ ಕೂತ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತುಬರುವ ಭಯ. ನಾನು ಮಾಡುವುದು ಹೀಗೆ: ಎಂಜಿನ್ ತಣ್ಣಗಿರುವಾಗಲೇ ಎಲ್ಲ ಪ್ಲಗ್‌ಗಳನ್ನು ಒಮ್ಮೆ ಸಡಿಲಿಸಿ, ಮತ್ತೆ ಹದವಾಗಿ ಬಿಗಿಮಾಡಿ, ಆಮೇಲೆ ಎಂಜಿನ್ ಓಡಿಸುತ್ತೇನೆ. ಬಿಸಿಯಾದ ಮೇಲೆ ಆಫ್ ಮಾಡಿ, ಸ್ವಲ್ಪ ಬಿಟ್ಟು, ಹೆಡ್ ಕೈಗೆ ತಡೆಯುವಷ್ಟಾದಾಗ ತೆಗೆಯುತ್ತೇನೆ. ಎಂಜಿನ್ ಸ್ಟಾರ್ಟೇ ಆಗದಿದ್ದರೆ ತಣ್ಣಗಿದ್ದಾಗಲೇ ನೋಡಿ. ಅಂಕಿ ಸ್ವಲ್ಪ ಕಡಿಮೆ ಬರಬಹುದು, ಆದರೆ ನಮಗೆ ಬೇಕಿರುವುದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ತಾನೇ.

ಪ್ಲಗ್ ತೆಗೆಯುವ ಮೊದಲು ಪ್ಲಗ್ ಗುಂಡಿಗೆ ಏರ್ ಹೊಡೆದು ಧೂಳು ಹಾರಿಸಿ. ಅಲ್ಲಿ ಕೂತ ಒಂದು ಮರಳಿನ ಕಣ ಸಿಲಿಂಡರ್ ಒಳಗೆ ಬಿದ್ದು ವಾಲ್ವ್ ಸೀಟಿನ ಮೇಲೆ ಕೂತರೆ ಅಷ್ಟೇ ಸಾಕು, ಇಲ್ಲದ ಸೋರಿಕೆ ಶುರುವಾಗುತ್ತದೆ. ಎಲ್ಲ ಪ್ಲಗ್‌ಗಳನ್ನೂ ತೆಗೆಯಿರಿ, ಒಂದನ್ನೇ ತೆಗೆದು ನೋಡುವುದು ಬೇಡ. ಎಲ್ಲ ತೆಗೆದರೆ ಸೆಲ್ಫ್ ಹಗುರವಾಗಿ ಒಂದೇ ವೇಗದಲ್ಲಿ ತಿರುಗುತ್ತದೆ. ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ಅವೂ ಮಾತಾಡುತ್ತವೆ. ಒಂದರ ಮೇಲೆ ಮಾತ್ರ ಒದ್ದೆ ಆಯಿಲ್, ಕಪ್ಪು ಅಂಟು ಇದ್ದರೆ ಆ ಸಿಲಿಂಡರಿಗೆ ಆಯಿಲ್ ಬರುತ್ತಿದೆ. ಬರೀ ಪೆಟ್ರೋಲ್ ವಾಸನೆ ಇದ್ದರೆ ಉರಿಯದೆ ಉಳಿದ ಪೆಟ್ರೋಲ್. ಒಂದು ಪ್ಲಗ್ ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ಕೂಲೆಂಟ್ ಒಳಗೆ ಬರುತ್ತಿರಬಹುದು.

ಈಗ ಸುರಕ್ಷತೆ. ಪೆಟ್ರೋಲ್ ನಿಲ್ಲಿಸಿ: ಪಂಪ್ ಫ್ಯೂಸ್ ಅಥವಾ ರಿಲೇ ತೆಗೆಯಿರಿ, ಇಂಜೆಕ್ಟರ್ ಕನೆಕ್ಟರ್‌ಗಳು ಕೈಗೆ ಸಿಗುವಂತಿದ್ದರೆ ಅವನ್ನೂ ಬಿಡಿಸಿ. ಕಾಯಿಲ್ ಕನೆಕ್ಟರ್‌ಗಳನ್ನೆಲ್ಲ ಬಿಡಿಸಿ. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಹಬೆ ಬರುತ್ತಿರುವಾಗ ಪಕ್ಕದಲ್ಲಿ ಕಿಡಿ ಹಾರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದರೆ ಪೆಟ್ರೋಲ್ ಲೈನಿನ ನಟ್ ಮುಟ್ಟಲೇಬೇಡಿ. ಅದರೊಳಗಿನ ಒತ್ತಡ ಚರ್ಮ ತೂರುವಷ್ಟಿರುತ್ತದೆ. ಹೈಬ್ರಿಡ್ ಕಾರುಗಳಲ್ಲಿ ಸಾಮಾನ್ಯ ಸೆಲ್ಫ್ ಮೋಟರ್ ಇಲ್ಲದೆಯೂ ಇರಬಹುದು. ಅದರ ಕ್ರಮವೇ ಬೇರೆ, ಮ್ಯಾನುಯಲ್ ನೋಡದೆ ಕೈ ಹಾಕಬೇಡಿ.

ಕೊನೆಯದಾಗಿ ಥ್ರಾಟಲ್, ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು. ಇದನ್ನು ಮರೆಯುವವರೇ ಜಾಸ್ತಿ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಬರುವುದಿಲ್ಲ, ಎಲ್ಲ ಸಿಲಿಂಡರ್‌ಗಳಲ್ಲೂ ಅಂಕಿ ಕಡಿಮೆ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಪೆಡಲ್ ಒತ್ತಿದ ಮಾತ್ರಕ್ಕೆ ತೆರೆಯುತ್ತದೆ ಅಂತ ನಂಬಬೇಡಿ. ಏರ್ ಪೈಪ್ ತೆಗೆದು ಕಣ್ಣಾರೆ ನೋಡಿ.

ಗೇಜ್ ಬಗ್ಗೆ ಒಂದು ಮಾತು

ಪ್ಲಗ್ ತೂತಿಗೆ ತಿರುಪಿ ಕೂರಿಸುವ ಗೇಜ್ ತೆಗೆದುಕೊಳ್ಳಿ. ರಬ್ಬರ್ ತುದಿಯನ್ನು ಕೈಯಲ್ಲಿ ಒತ್ತಿ ಹಿಡಿಯುವಂಥದ್ದು ಅವಸರಕ್ಕೆ ಆದೀತು, ಆದರೆ ಕೈ ಸ್ವಲ್ಪ ಅಲ್ಲಾಡಿದರೂ ಅಂಕಿ ಬದಲಾಗುತ್ತದೆ. ಹೋಸ್‌ನ ತುದಿಯಲ್ಲಿ, ಪ್ಲಗ್ ತೂತಿನ ಕಡೆಗೆ, ಒಂದು ಸಣ್ಣ ವಾಲ್ವ್ ಪಿನ್ ಇರುತ್ತದೆ. ಗಾಳಿ ಒಳಗೆ ಹೋದ ಮೇಲೆ ವಾಪಸ್ ಬರದಂತೆ ತಡೆಯುವುದು ಅದೇ. ನೋಡಲು ಥೇಟ್ ಟಯರ್ ವಾಲ್ವ್ ಪಿನ್ ಹಾಗೇ ಇರುತ್ತದೆ. ಅದು ಹಾಳಾದಾಗ ಜನ ಟಯರಿನ ಪಿನ್ ತೆಗೆದು ಇದಕ್ಕೆ ಹಾಕಿಬಿಡುತ್ತಾರೆ. ಟಯರ್ ಪಿನ್‌ನ ಸ್ಪ್ರಿಂಗ್ ಗಟ್ಟಿ. ಅದನ್ನು ತಳ್ಳಿ ತೆರೆಯುವುದಕ್ಕೇ ಒತ್ತಡ ಖರ್ಚಾಗಿ ಗೇಜ್ ಕಡಿಮೆ ತೋರಿಸುತ್ತದೆ. ಒಂದು ಗೇಜ್‌ನಲ್ಲಿ ಎಲ್ಲ ಸಿಲಿಂಡರೂ ಒಂದೇ ಸಮ ಕಡಿಮೆ ಬಂದರೆ ಎಂಜಿನ್ ಬೈಯುವ ಮೊದಲು ಬೇರೆ ಗೇಜ್ ಹಾಕಿ ನೋಡಿ.

ಅಂಕಿ ಓದುವುದು

ಪ್ರತಿ ಸಿಲಿಂಡರಿಗೂ ಅಷ್ಟೇ ಸಲ ತಿರುಗಿಸಬೇಕು. ಸಾಮಾನ್ಯವಾಗಿ ಐದಾರು ಕಂಪ್ರೆಶನ್ ಸಾಕು. ಮುಳ್ಳು ಪ್ರತಿ ಸಲ ಒಂದು ಜಿಗಿತ ಜಿಗಿಯುತ್ತದೆ, ಆ ಜಿಗಿತಗಳನ್ನು ಎಣಿಸಿ. ಎರಡು ಅಂಕಿ ಬರೆದುಕೊಳ್ಳಿ: ಮೊದಲ ಜಿಗಿತಕ್ಕೆ ಎಷ್ಟು, ಕೊನೆಗೆ ಎಷ್ಟು. ಬಹಳ ಜನ ಕೊನೆಯದನ್ನು ಮಾತ್ರ ಬರೆಯುತ್ತಾರೆ. ಮೊದಲನೆಯದು ಅದಕ್ಕಿಂತ ಜಾಸ್ತಿ ಹೇಳುತ್ತದೆ.

ಒಳ್ಳೆಯ ಸಿಲಿಂಡರಿನಲ್ಲಿ ಮೊದಲ ಜಿಗಿತಕ್ಕೇ ಮುಳ್ಳು ಅರ್ಧ ದಾರಿ ದಾಟುತ್ತದೆ, ಮೂರು ನಾಲ್ಕಕ್ಕೆ ಮೇಲೆ ನಿಲ್ಲುತ್ತದೆ. ರಿಂಗ್ ಸವೆದದ್ದು ಮೊದಲು ಕಡಿಮೆ ಏರಿ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೂಡುತ್ತಾ ಹೋಗುತ್ತದೆ, ಆದರೂ ಬೇರೆಯವುಗಳ ಮಟ್ಟ ಮುಟ್ಟುವುದಿಲ್ಲ. ವಾಲ್ವ್ ಸೋರುತ್ತಿದ್ದರೆ ಮೊದಲೂ ಕಡಿಮೆ, ಆಮೇಲೂ ಅಲ್ಲೇ. ಇದೇ ಅಂತಿಮ ಅಲ್ಲ, ಆದರೆ ಒಳ್ಳೆಯ ಸುಳಿವು.

ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 125ರಿಂದ 200 ಪಿಎಸ್‌ಐ ಒಳಗೆ ಬರುತ್ತದೆ, ಅಂದರೆ ಸುಮಾರು 9ರಿಂದ 14 ಬಾರ್. ನಿಮ್ಮ ಎಂಜಿನ್‌ಗೆ ಎಷ್ಟು ಅಂತ ಸರ್ವೀಸ್ ಮ್ಯಾನುಯಲ್‌ನಲ್ಲಿ ಇರುತ್ತದೆ, ಅದೇ ಕೊನೆಯ ಮಾತು. ಮ್ಯಾನುಯಲ್ ಸಿಗದಿದ್ದರೆ ಹಳೆಯ ಲೆಕ್ಕ ಒಂದಿದೆ: ಅತಿ ಕಡಿಮೆ ಬಂದದ್ದು ಅತಿ ಜಾಸ್ತಿ ಬಂದದ್ದರ ಶೇ 75ಕ್ಕಿಂತ ಕೆಳಗಿರಬಾರದು. 180 ಜಾಸ್ತಿ ಅಂದರೆ 135 ಕೊನೆಯ ಮಿತಿ. ಎಷ್ಟೋ ತಯಾರಕರು ಇದಕ್ಕಿಂತ ಬಿಗಿ ಮಿತಿ ಕೊಡುತ್ತಾರೆ.

"ನನ್ನ ಎಂಜಿನ್ 10:1, ಹಾಗಾದರೆ 147 ತಾನೇ ಬರಬೇಕು?" ಅಂತ ಕೆಲವರು ಲೆಕ್ಕ ಹಾಕಿಕೊಂಡು ಬರುತ್ತಾರೆ: ಗಾಳಿ ಹತ್ತರಲ್ಲಿ ಒಂದು ಭಾಗಕ್ಕೆ ಒತ್ತುತ್ತದೆ, ಹಾಗಾಗಿ ಹೊರಗಿನ ಗಾಳಿಯ 14.7 ಪಿಎಸ್‌ಐನ ಹತ್ತು ಪಟ್ಟು. ಗಾಳಿ ಒತ್ತಿದಾಗ ಬಿಸಿಯೂ ಆಗುತ್ತದೆ, ಬಿಸಿಯಾದಷ್ಟೂ ಒತ್ತಡ ಏರುತ್ತದೆ. ಹಾಗಾಗಿ ಅಷ್ಟಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ. ಎತ್ತರದ ಜಾಗದಲ್ಲಿ ಗಾಳಿಯೇ ತೆಳು. ಸಮುದ್ರಮಟ್ಟದಿಂದ 1,500 ಮೀಟರ್ ಮೇಲಿದ್ದರೆ ಗಾಳಿಯ ಒತ್ತಡ ಆರನೇ ಒಂದು ಭಾಗದಷ್ಟು ಕಡಿಮೆ, ಗೇಜ್ ಕೂಡ ಅಷ್ಟೇ ಕೆಳಗೆ ನಿಲ್ಲುತ್ತದೆ. ಹೈಬ್ರಿಡ್‌ಗಳಲ್ಲಿರುವ ಅಟ್ಕಿನ್ಸನ್ ಮಾದರಿಯ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಬೇಕೆಂದೇ ತಡವಾಗಿ ಮುಚ್ಚುತ್ತದೆ, ಅಲ್ಲೂ ಅಂಕಿ ಕಡಿಮೆ.

ಈಗ ಅಂಕಿಗಳ ಸಾಲನ್ನು ನೋಡಿ. ಒಂದೇ ಕಡಿಮೆ ಇದ್ದರೆ ಮುಂದಿನ ಪರೀಕ್ಷೆಗೆ ಹೋಗಿ. ಪಕ್ಕಪಕ್ಕದ ಎರಡು ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಸಮ ಕಡಿಮೆ ಇದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿದೆ ಅಂತ ಮೊದಲ ಅನುಮಾನ. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ಥ್ರಾಟಲ್, ಬ್ಯಾಟರಿ, ಗೇಜ್ ಮತ್ತೊಮ್ಮೆ ನೋಡಿ, ಆಮೇಲೆ ಟೈಮಿಂಗ್ ಗುರುತು ನೋಡಿ. ನಾಲ್ಕೂ ಸಿಲಿಂಡರ್ ಒಟ್ಟಿಗೆ ಒಂದೇ ದಿನ ಸವೆಯುವುದಿಲ್ಲ. ನಿನ್ನೆ ಚೆನ್ನಾಗಿ ಓಡಿದ ಕಾರು ಇವತ್ತು ಹೀಗಾದರೆ ಬೆಲ್ಟ್ ಅಥವಾ ಚೈನ್ ಒಂದೆರಡು ಹಲ್ಲು ಹಾರಿದೆ. ಸ್ಟಾರ್ಟ್ ಮಾಡಲು ಹೋಗಿ ಹೋಗಿ ಪೆಟ್ರೋಲ್ ತುಂಬಿದ ಎಂಜಿನ್ನೂ ಎಲ್ಲ ಕಡೆ ಕಡಿಮೆ ತೋರಿಸುತ್ತದೆ, ಯಾಕೆಂದರೆ ಗೋಡೆಯ ಮೇಲಿನ ಆಯಿಲ್ ಪದರ ತೊಳೆದುಹೋಗಿರುತ್ತದೆ. ಇನ್ನು ಒಂದು ಸಿಲಿಂಡರ್ ಬೇರೆಯವಕ್ಕಿಂತ ಬಹಳ ಜಾಸ್ತಿ ತೋರಿಸಿದರೆ ಅದೂ ಒಳ್ಳೆಯದಲ್ಲ. ಒಳಗೆ ಕಾರ್ಬನ್ ಕೂತಿರಬಹುದು, ಆಯಿಲ್ ಇಳಿಯುತ್ತಿರಬಹುದು.

ಆಯಿಲ್ ಹಾಕಿ ನೋಡುವುದು

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಐದರಿಂದ ಹತ್ತು ಎಂಎಲ್ ಎಂಜಿನ್ ಆಯಿಲ್ ಬಿಡಿ. ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಬಿಟ್ಟರೆ ಗೋಡೆಯ ಸುತ್ತ ಹರಡುತ್ತದೆ. ಗೇಜ್ ಇಲ್ಲದೆ ಒಂದೆರಡು ಸುತ್ತು ತಿರುಗಿಸಿ, ಆಮೇಲೆ ಗೇಜ್ ಹಾಕಿ ಮತ್ತೆ ನೋಡಿ. ಆಯಿಲ್ ರಿಂಗ್ ಸಂದಿ ಮುಚ್ಚುತ್ತದೆ. 90 ಇದ್ದದ್ದು 140ಕ್ಕೆ ಹಾರಿದರೆ ತೊಂದರೆ ರಿಂಗ್‌ನಲ್ಲಿ ಅಥವಾ ಬೋರ್‌ನಲ್ಲಿ, ಅಂದರೆ ಸಿಲಿಂಡರಿನ ಗೋಡೆಯಲ್ಲಿ, ಇದೆ. 90 ಇದ್ದದ್ದು 95 ಆದರೆ ಅದು ರಿಂಗ್ ಅಲ್ಲ, ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ಹೋಗಿ. ಪಿಸ್ಟನ್ ತೂತಾಗಿದ್ದರೂ ಏರುವುದಿಲ್ಲ.

ಅಳತೆ ಮೀರಬೇಡಿ. ಜಾಸ್ತಿ ಆಯಿಲ್ ಸುರಿದರೆ ಸಿಲಿಂಡರಿನ ಜಾಗವೇ ಚಿಕ್ಕದಾಗಿ ಅಂಕಿ ಸುಮ್ನೆ ಏರುತ್ತದೆ, ಎಲ್ಲ ಎಂಜಿನ್‌ಗೂ ರಿಂಗ್ ಹೋಗಿದೆ ಅನಿಸುತ್ತದೆ. ಇನ್ನೂ ಜಾಸ್ತಿಯಾದರೆ ಪಿಸ್ಟನ್ ದ್ರವವನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಿಲಿಂಡರ್ ಮಲಗಿರುವ ಬಾಕ್ಸರ್ ಎಂಜಿನ್‌ಗಳಲ್ಲಿ ಆಯಿಲ್ ಒಂದೇ ಬದಿಗೆ ಸೇರುತ್ತದೆ, ಅಲ್ಲಿ ಈ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಡೀಸೆಲ್‌ಗೆ ಇದನ್ನು ಮಾಡಲೇಬೇಡಿ. ಅಲ್ಲಿ ಮೇಲಿನ ಜಾಗ ಬಹಳ ಕಡಿಮೆ, ಒತ್ತಿದಾಗ ಆಯಿಲ್ಲೇ ಹೊತ್ತಿಕೊಳ್ಳಬಹುದು.

ಗಾಳಿ ತುಂಬಿ ಕಿವಿಗೊಡುವುದು

ನನ್ನನ್ನು ಕೇಳಿದರೆ ಒಂದೇ ಪರೀಕ್ಷೆ ಆರಿಸಿಕೊ ಅಂದಾಗ ಇದನ್ನೇ ಆರಿಸುತ್ತೇನೆ. ಇದಕ್ಕೆ ಲೀಕ್‌ಡೌನ್ ಟೆಸ್ಟ್ ಅನ್ನುತ್ತಾರೆ. ಗೇಜ್ ಟೆಸ್ಟ್‌ನಲ್ಲಿ ಎಂಜಿನ್ ಗಾಳಿ ಒತ್ತುತ್ತದೆ. ಇಲ್ಲಿ ನಾವೇ ಕಂಪ್ರೆಸರ್‌ನಿಂದ ಗಾಳಿ ತುಂಬಿ, ಅದು ಎಲ್ಲಿ ಹೊರಬರುತ್ತದೆ ಅಂತ ಕೇಳುತ್ತೇವೆ. ಟೆಸ್ಟರ್‌ನಲ್ಲಿ ಎರಡು ಗೇಜ್, ನಡುವೆ ಸಣ್ಣ ತೂತು. ಒಂದು ಕಡೆ ನಾವು ಕೊಟ್ಟ ಒತ್ತಡ, ಇನ್ನೊಂದು ಕಡೆ ಸಿಲಿಂಡರಿನಲ್ಲಿ ನಿಂತ ಒತ್ತಡ. 100 ಪಿಎಸ್‌ಐ ಕೊಟ್ಟು ಆ ಕಡೆ 92 ನಿಂತರೆ ಶೇ 8 ಸೋರಿಕೆ.

ಪಿಸ್ಟನ್ ಪೂರ್ತಿ ಮೇಲಿರಬೇಕು, ಎರಡೂ ಕಡೆಯ ವಾಲ್ವ್ ಮುಚ್ಚಿರಬೇಕು. ಪ್ಲಗ್ ತೂತಿನ ಮೇಲೆ ಬೆರಳಿಟ್ಟು ಕ್ರ್ಯಾಂಕ್ ನಟ್ಟನ್ನು ಸ್ಪ್ಯಾನರ್‌ನಿಂದ ನಿಧಾನವಾಗಿ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಶನ್ ಸರದಿ. ಆಮೇಲೆ ಬೆರಳು ತೆಗೆದು ಉದ್ದದ ಪ್ಲಾಸ್ಟಿಕ್ ಕಡ್ಡಿ ಇಳಿಬಿಟ್ಟು, ಕಡ್ಡಿ ಏರುವುದು ನಿಲ್ಲುವವರೆಗೆ ತಿರುಗಿಸಿ. ಸೋರಿಕೆ ಬಹಳ ಇದ್ದರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಆಗ ವಾಲ್ವ್ ಕವರ್ ತೆಗೆದು ಆ ಸಿಲಿಂಡರಿನ ವಾಲ್ವ್ ಒತ್ತುವ ಕ್ಯಾಮ್ ಮೂಗುಗಳು ವಾಲ್ವ್‌ನಿಂದ ದೂರ ತಿರುಗಿವೆಯೇ ಅಂತ ನೋಡಬೇಕು.

ಕಡ್ಡಿ ತೆಗೆಯಿರಿ. ಸ್ಪ್ಯಾನರ್ ತೆಗೆಯಿರಿ. ಇದನ್ನು ಎರಡು ಸಲ ಓದಿಕೊಳ್ಳಿ. ಗಾಳಿ ಬಿಟ್ಟಾಗ ಪಿಸ್ಟನ್ ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಎಂಜಿನ್ ಗಿರ್ರನೆ ತಿರುಗಿಬಿಡುತ್ತದೆ. ನಟ್ ಮೇಲೆ ಸ್ಪ್ಯಾನರ್ ಉಳಿದಿದ್ದರೆ ಅದು ಮೂಳೆ ಮುರಿಯುತ್ತದೆ. ಹಾಗಾಗಿ ಗಾಳಿಯನ್ನು ಕಡಿಮೆ ಒತ್ತಡದಿಂದ ನಿಧಾನವಾಗಿ ಏರಿಸಿ, ಕೈ ಬೆಲ್ಟ್‌ಗಳಿಂದ ದೂರ ಇರಲಿ.

ಈಗ ಕೇಳಿ. ಏರ್ ಪೈಪ್ ತೆಗೆದ ಥ್ರಾಟಲ್ ಬಾಯಲ್ಲಿ ಸುಸ್ಸ್ ಅಂದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್ ತುದಿಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಿ ಅಥವಾ ಡಿಪ್‌ಸ್ಟಿಕ್ ತೂತಿನಲ್ಲಿ ಬಂದರೆ ರಿಂಗ್. ರೇಡಿಯೇಟರ್ ಮುಚ್ಚಳ ತೆಗೆದಿದ್ದರೆ ಅಲ್ಲಿ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ ಇಲ್ಲವೇ ಹೆಡ್ ಬಿರುಕು. ಮುಚ್ಚಳವನ್ನು ಎಂಜಿನ್ ತಣಿದ ಮೇಲೆ ಮಾತ್ರ ತೆಗೆಯಬೇಕು. ಪಕ್ಕದ ಪ್ಲಗ್ ತೂತಿನಲ್ಲಿ ಬಂದರೆ ನಡುವಿನ ಗ್ಯಾಸ್ಕೆಟ್. ಜಾಗ ಗದ್ದಲದ್ದಾದರೆ ಒಂದು ರಬ್ಬರ್ ಪೈಪಿನ ತುದಿ ಕಿವಿಗೆ ಹಿಡಿದು ಇನ್ನೊಂದು ತುದಿ ಆಡಿಸಿ.

ಎಷ್ಟು ಸೋರಬಹುದು? ಶೇ 10ರ ಒಳಗಿದ್ದರೆ ಎಂಜಿನ್ ಗಟ್ಟಿ. 20ರವರೆಗೆ ಓಡಿದ ಎಂಜಿನ್‌ಗೆ ಸಹಜ. 30 ದಾಟಿದರೆ ಕೆಲಸವಿದೆ. ಆಯಿಲ್ ಬಾಯಲ್ಲಿ ಸ್ವಲ್ಪ ಸದ್ದು ಒಳ್ಳೆಯ ಎಂಜಿನ್‌ನಲ್ಲೂ ಇರುತ್ತದೆ, ರಿಂಗ್‌ನ ಎರಡು ತುದಿಗಳ ನಡುವೆ ಸಂದಿ ಇದ್ದೇ ಇರುತ್ತದಲ್ಲ. ವಾಲ್ವ್ ಕಡೆ ಮಾತ್ರ ಸದ್ದು ಬರಲೇಬಾರದು.

ಗೇಜ್‌ನಲ್ಲಿ ಕಂಪ್ರೆಶನ್ ಕಡಿಮೆ, ಆದರೆ ಲೀಕ್‌ಡೌನ್‌ನಲ್ಲಿ ಸೋರಿಕೆಯೇ ಇಲ್ಲ ಅಂತಲೂ ಆಗುತ್ತದೆ. ಇದರಲ್ಲಿ ಅನುಭವಸ್ಥರೂ ತಲೆ ಕೆರೆದುಕೊಳ್ಳುತ್ತಾರೆ. ಅರ್ಥ ಸರಳ: ಡಬ್ಬಿ ಗಟ್ಟಿಯಿದೆ, ಆದರೆ ಅದಕ್ಕೆ ಗಾಳಿ ಬರುತ್ತಿಲ್ಲ. ಕ್ಯಾಮ್ ಮೂಗು ಸವೆದು ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ, ಕ್ಯಾಮ್ ಮತ್ತು ವಾಲ್ವ್ ನಡುವಿನ ರಾಕರ್ ಜಾರಿದೆ, ಇಲ್ಲವೇ ಟೈಮಿಂಗ್ ತಪ್ಪಿದೆ. ವಾಲ್ವ್ ಕವರ್ ತೆಗೆದು ಎಂಜಿನ್ ಕೈಯಲ್ಲಿ ತಿರುಗಿಸಿ, ಪ್ರತಿ ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಅಂತ ಪಕ್ಕದ ಸಿಲಿಂಡರ್ ಜೊತೆ ಹೋಲಿಸಿ.

ಟ್ಯಾಪೆಟ್ ನೋಡದೆ ಹೆಡ್ ಬಿಚ್ಚಬೇಡಿ

ಒಂದು ಕಾರಿನ ವಿಷಯ ಹೇಳುತ್ತೇನೆ. ಗ್ಯಾಸ್ ಕಿಟ್ ಹಾಕಿ ಓಡಿಸುತ್ತಿದ್ದ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪರವಾಗಿಲ್ಲ, ಬಿಸಿಯಾದಂತೆ ಸ್ಟೇರಿಂಗ್ ಅದುರುವಷ್ಟು ಮಿಸ್ಸಿಂಗ್. ಬೇರೊಂದು ಗ್ಯಾರೇಜಿನಲ್ಲಿ ಎಂಜಿನ್ ಪೂರ್ತಿ ಮಾಡಿಸಬೇಕು ಅಂದಿದ್ದರಂತೆ. ಗೇಜ್ ಹಾಕಿದೆ: 172, 168, 65, 170. ಮೂರನೆಯದು ಮೊದಲ ಜಿಗಿತಕ್ಕೆ 40 ಮುಟ್ಟಿ, ಒದ್ದಾಡಿ 65ಕ್ಕೇ ನಿಂತಿತು. ಆಯಿಲ್ ಹಾಕಿದ ಮೇಲೆ 70. ರಿಂಗ್ ಅಲ್ಲ. ಗಾಳಿ ತುಂಬಿದರೆ ಅರ್ಧಕ್ಕರ್ಧ ಸೋರಿಕೆ, ಸೈಲೆನ್ಸರ್ ತುದಿಗೆ ಅಂಗೈ ಹಿಡಿದರೆ ತಣ್ಣನೆಯ ಗಾಳಿ ತಾಗುತ್ತಿತ್ತು.

ಎಕ್ಸಾಸ್ಟ್ ವಾಲ್ವ್ ಅಂತ ಖಾತ್ರಿಯಾಯಿತು. ಆದರೆ ಹೆಡ್ ಮುಟ್ಟಲಿಲ್ಲ. ವಾಲ್ವ್ ಕವರ್ ತೆಗೆದು ತಣ್ಣಗಿನ ಎಂಜಿನ್‌ನಲ್ಲಿ ಟ್ಯಾಪೆಟ್ ಸಂದಿಗೆ, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದಿಗೆ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ಹಾಕಿದೆ. ಬೇರೆ ಮೂರು ಎಕ್ಸಾಸ್ಟ್ ಟ್ಯಾಪೆಟ್‌ಗಳಲ್ಲಿ ಪಟ್ಟಿ ಹೋಯಿತು, ಬಿಗಿಯಾಗಿ. ಮೂರನೆಯದರಲ್ಲಿ 0.05 ಮಿಮೀ ಪಟ್ಟಿಯೂ ತೂರಲಿಲ್ಲ. ರಾಕರ್ ಬೆರಳಿಗೆ ಅಲ್ಲಾಡಲೇ ಇಲ್ಲ. ಅಂದರೆ ಕ್ಯಾಮ್ ಬಿಟ್ಟುಕೊಟ್ಟರೂ ರಾಕರ್ ವಾಲ್ವನ್ನು ಒತ್ತಿಕೊಂಡೇ ಇತ್ತು. ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ.

ಗ್ಯಾಸ್‌ನಲ್ಲಿ ಓಡುವ ಎಂಜಿನ್‌ಗಳಲ್ಲಿ ಇದು ಆಗುವಂಥದ್ದೇ. ವಾಲ್ವ್ ಸೀಟ್ ನಿಧಾನವಾಗಿ ಸವೆದು ವಾಲ್ವ್ ಹೆಡ್ ಒಳಗೆ ಮೇಲೆ ಸರಿಯುತ್ತದೆ, ಸರಿದಷ್ಟೂ ಟ್ಯಾಪೆಟ್ ಸಂದಿ ಕಡಿಮೆಯಾಗುತ್ತದೆ. ಟ್ಯಾಪೆಟ್ ಸಂದಿ ಜಾಸ್ತಿಯಾದರೆ ಟಕಟಕ ಸದ್ದು ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಕಡಿಮೆಯಾದರೆ ಎಂಜಿನ್ ಇನ್ನೂ ಸೈಲೆಂಟ್ ಆಗುತ್ತದೆ! ಅದಕ್ಕೇ ಯಾರೂ ಗಮನಿಸುವುದಿಲ್ಲ. ವಾಲ್ವ್ ತನ್ನ ಶಾಖವನ್ನು ಬಿಡುವುದು ಸೀಟ್ ಮೇಲೆ ಕೂತಾಗ. ಕೂರಲು ಬಿಡದಿದ್ದರೆ ಅಂಚು ಸುಟ್ಟುಹೋಗುತ್ತದೆ. ಈ ಕಾರಿನಲ್ಲಿ ಇನ್ನೂ ಸುಟ್ಟಿರಲಿಲ್ಲ. ಮ್ಯಾನುಯಲ್ ಅಳತೆಗೆ ಟ್ಯಾಪೆಟ್ ಸೆಟ್ ಮಾಡಿ, ಬಿಸಿಯಾಗುವವರೆಗೆ ಓಡಿಸಿ ಮತ್ತೆ ಗೇಜ್ ಹಾಕಿದಾಗ ಮೂರನೆಯದು 160 ಬಂತು. ಸೀಟ್ ಸವೆಯುವುದು ನಿಲ್ಲುವುದಿಲ್ಲ, ಹಾಗಾಗಿ ಆಗಾಗ ಟ್ಯಾಪೆಟ್ ನೋಡಿಸಿಕೊಳ್ಳಿ ಅಂತ ಹೇಳಿ ಕಳಿಸಿದೆ.

ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ಗಳಲ್ಲಿ ಈ ಸೆಟ್ಟಿಂಗ್ ಇಲ್ಲ. ಸಂದಿ ಹೊಂದಿಸಲು ಶಿಮ್ (ತೆಳು ಬಿಲ್ಲೆ) ಅಥವಾ ಬಕೆಟ್ ಬದಲಿಸುವ ಎಂಜಿನ್ ಆದರೆ ಕೆಲಸ ಜಾಸ್ತಿ, ಆದರೂ ಹೆಡ್ ಬಿಚ್ಚುವುದಕ್ಕಿಂತ ಕಡಿಮೆಯೇ.

ಇನ್ನೊಂದು ಮಾತು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಕಂಪ್ರೆಶನ್ ಕಡಿಮೆ ಬಂದರೆ ಅವಸರ ಬೇಡ. ತೆರೆದು ನಿಂತ ವಾಲ್ವಿನ ಸೀಟ್ ಮೇಲೆ ತುಕ್ಕು ಕೂತಿರುತ್ತದೆ, ರಿಂಗ್ ಅಂಟಿಕೊಂಡಿರುತ್ತದೆ. ಸ್ಟಾರ್ಟ್ ಆಗುವಂತಿದ್ದರೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಮತ್ತೆ ನೋಡಿ. ಅಂಟಿದ ರಿಂಗ್‌ಗೆ ಪ್ಲಗ್ ತೂತಿನಿಂದ ಕಾರ್ಬನ್ ಕರಗಿಸುವ ದ್ರವ ಬಿಟ್ಟು ಒಂದು ರಾತ್ರಿ ನೆನೆಸುವುದುಂಟು. ಕೆಲವೊಮ್ಮೆ ಫಲ ಸಿಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಉಳಿದ ದ್ರವ ಹೀರಿ ತೆಗೆದು, ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು, ಎಂಜಿನ್ ಆಯಿಲ್ ಬದಲಿಸಿ. ರಿಂಗ್ ನಿಜವಾಗಿ ಸವೆದಿದ್ದರೆ ಯಾವ ಡಬ್ಬಿಯ ದ್ರವವೂ ಏನೂ ಮಾಡುವುದಿಲ್ಲ.

ಒಳಗೆ ಇಣುಕುವುದು

ಪ್ಲಗ್ ತೂತಿನಲ್ಲಿ ಇಳಿಯುವ ಸಣ್ಣ ಕ್ಯಾಮರಾ, ಬೋರೋಸ್ಕೋಪ್, ಈಗ ಸುಲಭವಾಗಿ ಸಿಗುತ್ತದೆ. ತುದಿ ಹಿಂದಕ್ಕೆ ತಿರುಗುವಂಥದ್ದಾದರೆ ವಾಲ್ವ್‌ಗಳನ್ನೂ ನೋಡಬಹುದು. ಸುಟ್ಟ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಕಚ್ಚಿದ ಹಾಗೆ ಒಂದು ಕಡೆ ತುಂಡು ಇರುವುದಿಲ್ಲ, ಅದರ ಸುತ್ತ ಬಣ್ಣವೇ ಬೇರೆ. ಬೋರ್ ಗೋಡೆಯಲ್ಲಿ ಹೊಸದರಲ್ಲಿ ಹಾಕಿದ ಓರೆ ಗೆರೆಗಳು ಕಾಣಬೇಕು. ಅವು ಅಳಿಸಿ ನೇರ ಉದ್ದ ಗೀರು ಬಿದ್ದಿದ್ದರೆ ರಿಂಗ್ ಕಥೆ. ಬೇರೆ ಪಿಸ್ಟನ್‌ಗಳೆಲ್ಲ ಕಪ್ಪಾಗಿ ಒಂದು ಮಾತ್ರ ಫಳಫಳ ಅಂದರೆ ಅಲ್ಲಿ ಕೂಲೆಂಟ್ ಹಬೆ ತೊಳೆಯುತ್ತಿದೆ. ಅದನ್ನು ಖಚಿತ ಮಾಡಲು ರೇಡಿಯೇಟರ್ ಬಾಯಿಗೆ ಇಡುವ ನೀಲಿ ದ್ರವದ ಟೆಸ್ಟರ್ ಇದೆ. ಸುಟ್ಟ ಅನಿಲ ಕೂಲೆಂಟ್‌ಗೆ ಬರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ.

ಡೀಸೆಲ್‌ಗೆ ಇದೇ ತರ್ಕ, ಸಾಮಾನು ಬೇರೆ. ಅಲ್ಲಿ 300ರಿಂದ 500 ಪಿಎಸ್‌ಐ ಬರುತ್ತದೆ, ಪೆಟ್ರೋಲ್ ಗೇಜ್ ಹಾಕಿದರೆ ಗೇಜ್ ಹೋಗುತ್ತದೆ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೂತಿಗೆ ಕೂರುವ ಅಡಾಪ್ಟರ್ ಬೇಕು.

ಹೆಡ್ ಬಿಚ್ಚಲೇಬೇಕಾದರೆ

ಇಷ್ಟೆಲ್ಲ ಆದ ಮೇಲೂ ವಾಲ್ವ್ ಸುಟ್ಟಿದೆ, ಗ್ಯಾಸ್ಕೆಟ್ ಹೋಗಿದೆ ಅಂತ ಖಾತ್ರಿಯಾದರೆ ಬಿಚ್ಚಿ. ತೆಗೆದ ಹೆಡ್ ತಲೆಕೆಳಗೆ ಇಟ್ಟು, ಹಳೆಯ ಪ್ಲಗ್ ಹಾಕಿ ತೂತು ಮುಚ್ಚಿ, ವಾಲ್ವ್ ಮೇಲಿನ ಗುಂಡಿಗೆ ಸೀಮೆಎಣ್ಣೆ ತುಂಬಿ. ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಯಾವ ವಾಲ್ವ್ ಜಿನುಗುತ್ತಿದೆ ಕಾಣುತ್ತದೆ. ಹೆಡ್ ಬಗ್ಗಿದೆಯೇ ಅಂತ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್‌ನಿಂದ ನೋಡದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ. ಒಮ್ಮೆ ಬಿಗಿದರೆ ಹಿಗ್ಗುವ ಮಾದರಿಯ ಹೆಡ್ ಬೋಲ್ಟ್‌ಗಳಾದರೆ ಹೊಸದೇ ಬೇಕು.

ಟೆಸ್ಟ್ ಮಾತ್ರ ಮಾಡಿ ವಾಪಸ್ ಜೋಡಿಸುತ್ತಿದ್ದರೆ ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಪಿ, ಆಮೇಲೆ ಟಾರ್ಕ್ ವ್ರೆಂಚ್. ಆಯಿಲ್ ಹಾಕಿದ ಸಿಲಿಂಡರ್ ಮೊದಲ ನಿಮಿಷ ನೀಲಿ ಹೊಗೆ ಬಿಡುತ್ತದೆ, ಅದಕ್ಕೆ ಹೆದರಬೇಡಿ. ಫ್ಯೂಸ್ ವಾಪಸ್ ಹಾಕಿ, ಕನೆಕ್ಟರ್ ಬಿಡಿಸಿದ್ದರಿಂದ ಬಂದ ಕೋಡ್‌ಗಳನ್ನು ಅಳಿಸಿ. ನಾಲ್ಕು ಸಿಲಿಂಡರಿನ ಮೊದಲ ಜಿಗಿತ, ಕೊನೆಯ ಅಂಕಿ, ಕಿಲೋಮೀಟರ್, ತಾರೀಖು ಎಲ್ಲ ಕಾರಿನ ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಗೇಜ್ ಹಾಕುವವರಿಗೆ ಹೋಲಿಸಲು ಅದು ಬೇಕಾಗುತ್ತದೆ.